ದುಡಿಮೆ ದೊಡ್ಡದೋ, ಕಾಗದ ದೊಡ್ಡದೋ?
(ಸಂಘದ ಸಭೆಯಲ್ಲಿ ಓದಿ ಚರ್ಚಿಸಲು ಪಾಠ)



ಈ ಸಲದ ಪಾಠ ಒಂದು ಜಗಳದಿಂದ ಹುಟ್ಟಿದ್ದು. ಆಳಂದ ಕಡೆಯ ಒಂದು ಊರಿನ ಸಂಘದ ಸಭೆಗೆ ನಾವು ಹೋಗಿದ್ದೆವು. ಉಳಿತಾಯ ಕಟ್ಟಿ ಮುಗಿದಿತ್ತು, ಪುಸ್ತಕ ಬರೆದಾಗಿತ್ತು. ಇನ್ನೇನು ಏಳಬೇಕು ಅನ್ನುವಷ್ಟರಲ್ಲಿ ಒಬ್ಬ ಅಕ್ಕ ಅಳಲಿಕ್ಕೆ ಶುರು ಮಾಡಿದಳು. ಆಕೆ ಊರಿನ ಅಂಗನವಾಡಿ ಸಹಾಯಕಿ. ಹಳೆಯ ಕಾರ್ಯಕರ್ತೆ ನಿವೃತ್ತಿಯಾಗಿ ಆ ಜಾಗ ಖಾಲಿ ಬಿದ್ದಿತ್ತು. ಅದು ಪಿಯುಸಿ ಪಾಸಾದ, ಆ ಊರಿಗೆ ಸೊಸೆಯಾಗಿ ಬಂದ ಹುಡುಗಿಗೆ ಸಿಕ್ಕಿತ್ತು.

"ಹದಿನೇಳು ವರ್ಷ ಕಸ ಹೊಡದೀನ್ರಿ ಸಿಸ್ಟರ್, ಕೂಸುಗಳ ಮೂಗ ಒರಸೀನಿ. ನಿನ್ನೆ ಬಂದಾಕಿ ಟೀಚರ್ ಆದ್ಳು. ದುಡಿಮಿಗಿ ಬೆಲೀನೇ ಇಲ್ಲೇನ್ರಿ?" ಅಂದಳು.

ಆ ಸೊಸೆಯೂ ಅದೇ ಸಂಘದ ಸದಸ್ಯೆ, ಅಲ್ಲೇ ಕೂತಿದ್ದಳು. "ನಾ ಏನ ಕದ್ದೀನೇನು? ನಾನೂ ಓದೀನಿ, ಹಗಲು ರಾತ್ರಿ ಓದೀನಿ" ಅಂದಳು. ಸಂಘ ಎರಡು ಭಾಗ ಆಯಿತು. ಅರ್ಧ ಮಂದಿ ದುಡಿಮೆ ಕಡೆ, ಅರ್ಧ ಮಂದಿ ಓದಿನ ಕಡೆ. ನಮಗೆ ಆ ದಿನ ಸರಿಯಾದ ಉತ್ತರ ಕೊಡಲು ಆಗಲಿಲ್ಲ. ಮನೆಗೆ ಬಂದ ಮೇಲೆ ಯೋಚನೆ ಮಾಡಿದೆವು, ನಿಯಮಗಳನ್ನು ಓದಿದೆವು. ಅದನ್ನೇ ಇಲ್ಲಿ ಬರೆದಿದ್ದೇವೆ.

1. ಮೊದಲು ನಮ್ಮದೇ ತಪ್ಪು

ಬೇರೆಯವರ ಮಾತು ಹೇಳುವ ಮೊದಲು ನಮ್ಮ ಮಾತು ಹೇಳಬೇಕು. ಬಹಳ ವರ್ಷದ ಹಿಂದೆ ನಮ್ಮ ಜೊತೆ ಒಬ್ಬ ಕ್ಷೇತ್ರ ಕಾರ್ಯಕರ್ತೆ ಇದ್ದಳು. ಏಳನೆಯ ತರಗತಿ ಓದಿದವಳು. ನಾವು ಸಮಾಜ ಕಾರ್ಯದಲ್ಲಿ ಎಂ.ಎ. ಮುಗಿಸಿ ಬಂದ ಹೊಸದರಲ್ಲಿ ಹಳ್ಳಿಯೊಳಗೆ ಹೇಗೆ ಹೋಗಬೇಕು, ಯಾರ ಕಟ್ಟೆಯ ಮೇಲೆ ಮೊದಲು ಕೂಡಬೇಕು, ಯಾವ ಮನೆಯಲ್ಲಿ ಏನು ಕೇಳಬಾರದು ಅನ್ನೋದನ್ನು ಕಲಿಸಿದವಳು ಆಕೆ. ಮುಂದೆ ಒಂದು ಯೋಜನೆ ಬಂತು. ಸಂಯೋಜಕಿಯ ಹುದ್ದೆಗೆ ಪದವಿ ಬೇಕು ಎಂದು ಅರ್ಜಿಯಲ್ಲಿ ಬರೆದಿತ್ತು. ನಾವು ಪದವಿ ಇದ್ದ ಬೇರೆ ಹುಡುಗಿಯನ್ನು ಹಾಕಿಕೊಂಡೆವು. ಆಕೆ ಏನೂ ಅನ್ನಲಿಲ್ಲ. ಆದರೆ ಅವತ್ತಿನಿಂದ ನಮ್ಮ ಜೊತೆ ಮಾತು ಕಡಿಮೆ ಮಾಡಿದಳು.

ನಿಯಮ ಮೀರಲು ನಮಗೆ ಆಗುತ್ತಿರಲಿಲ್ಲ, ಅದು ನಿಜ. ಆದರೆ ಐದಾರು ವರ್ಷ ಆಕೆ ನಮ್ಮ ಜೊತೆಗೇ ಇದ್ದಳು. ಆ ಐದಾರು ವರ್ಷದಲ್ಲಿ "ನೀನು ಹತ್ತನೆಯದು ಕಟ್ಟು, ಫೀಸು ನಾವು ಕೊಡುತ್ತೇವೆ" ಎಂದು ನಾವು ಒಮ್ಮೆಯೂ ಹೇಳಲಿಲ್ಲ. ಆಕೆಯ ದುಡಿಮೆ ಚೆನ್ನಾಗಿ ನಡೆಯುತ್ತಿತ್ತು, ನಮಗೆ ಅಷ್ಟು ಸಾಕಾಗಿತ್ತು. ಅದು ನಮ್ಮ ತಪ್ಪು. ಈ ಪಾಠ ಬರೆಯಲು ಅದೂ ಒಂದು ಕಾರಣ.

2. ಕಾಗದ ಯಾಕೆ ಕೇಳುತ್ತಾರೆ?

ಆಯ್ಕೆ ಮಾಡುವ ಅಧಿಕಾರಿ ನಮ್ಮ ಊರಿನವರಲ್ಲ. ನೀವು ಎಷ್ಟು ಹೊತ್ತಿಗೆ ಏಳುತ್ತೀರಿ, ಎಷ್ಟು ಮಕ್ಕಳನ್ನು ಸಮಾಧಾನ ಮಾಡಿದ್ದೀರಿ, ಅವರು ನೋಡಿಲ್ಲ. ಒಂದು ಜಾಗಕ್ಕೆ ಹತ್ತು ಅರ್ಜಿ ಬರುತ್ತವೆ. ಯಾರ ಕಡೆಯವರಿಗೋ ಕೊಟ್ಟರು ಅನ್ನುವ ಮಾತು ಬರಬಾರದು ಅಂದರೆ ಎಲ್ಲರಿಗೂ ಒಂದೇ ಅಳತೆ ಬೇಕು. ಅಂಕಪಟ್ಟಿ ಆ ಅಳತೆ. ಅದು ಪೂರ್ತಿ ಸರಿಯಾದ ಅಳತೆ ಅಲ್ಲ. ಆದರೆ ಅಳತೆಯೇ ಇಲ್ಲದಿದ್ದರೆ ಬಡವರಿಗೆ ಇನ್ನೂ ಕಷ್ಟ, ಆಗ ಗೌಡರ ಶಿಫಾರಸೇ ಅಳತೆ ಆಗುತ್ತದೆ.

ಇದರಲ್ಲಿ ಒಂದು ಅನ್ಯಾಯವೂ ಇದೆ, ಅದನ್ನು ಮುಚ್ಚಿಡಬಾರದು. ಆ ಅಕ್ಕ ತಾನಾಗಿ ಸಾಲಿ ಬಿಟ್ಟವಳಲ್ಲ. ತಮ್ಮನನ್ನು ಆಡಿಸಲು, ತೊಗರಿ ಹೊಲದಲ್ಲಿ ಕಳೆ ತೆಗೆಯಲು ಮನೆಯವರು ಬಿಡಿಸಿದರು. ಅಂದು ಬಿಡಿಸಿದವರು ಬೇರೆಯವರು, ಇಂದು ಕಾಗದ ಎಲ್ಲಿ ಎಂಬ ಪ್ರಶ್ನೆ ಮಾತ್ರ ಆಕೆಗೆ. 2002ರಲ್ಲಿ ಬಂದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿ ಆಳಂದ, ಅಫಜಲಪುರ, ಜೇವರ್ಗಿ ಮೂರನ್ನೂ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಸೇರಿಸಿತ್ತು. ಹಿಂದುಳಿದದ್ದು ನೆಲ ಮಾತ್ರ ಅಲ್ಲ, ನಮ್ಮ ಹೆಣ್ಣುಮಕ್ಕಳ ಪಾಟಿಚೀಲವೂ ಹಿಂದೆ ಉಳಿಯಿತು.

3. ಬಾಗಿಲು ಮೂರು ತರ

ನಾವು ನೋಡಿದಂತೆ ಮುಂದೆ ಬರುವ ದಾರಿಯಲ್ಲಿ ಮೂರು ತರದ ಬಾಗಿಲು ಇವೆ.

ಮೊದಲನೆಯದು, ಕಾಗದ ಇಲ್ಲದೆ ತೆಗೆಯದ ಬಾಗಿಲು. ಅಂಗನವಾಡಿ ಇದರಲ್ಲಿ ಬರುತ್ತದೆ. ನಮ್ಮ ರಾಜ್ಯದ ಈಚಿನ ಪ್ರಕಟಣೆಗಳಲ್ಲಿ ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಕೇಳಿದ್ದಾರೆ. ಆದರೆ ಇಲ್ಲೇ ಒಂದು ಮುಖ್ಯ ಮಾತು ಇದೆ. 2022ರಲ್ಲಿ ಕೇಂದ್ರ ಸರ್ಕಾರ ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0 ಯೋಜನೆಗೆ ಮಾರ್ಗಸೂಚಿ ಕೊಟ್ಟಿತು. ಕಾರ್ಯಕರ್ತೆಯರ ಹುದ್ದೆಗಳಲ್ಲಿ ಅರ್ಧದಷ್ಟನ್ನು 5 ವರ್ಷ ಅನುಭವ ಇರುವ ಸಹಾಯಕಿಯರಿಗೆ ಬಡ್ತಿ ಕೊಟ್ಟು ತುಂಬಬೇಕು ಎಂದು ಅದರಲ್ಲಿದೆ. ಮೇಲ್ವಿಚಾರಕಿಯರ ಹುದ್ದೆಗೂ ಹಾಗೆಯೇ, ಅರ್ಧ ಪಾಲು ಅನುಭವ ಇರುವ ಕಾರ್ಯಕರ್ತೆಯರಿಗೆ. ಆದರೆ ಓದಿನ ಅರ್ಹತೆ, ಉಳಿದ ಷರತ್ತುಗಳು ಇರಲೇಬೇಕು.

ಸರಿಯಾಗಿ ನೋಡ್ರಿ. ಈ ನಿಯಮ ದುಡಿಮೆ ಬೇಡ ಅನ್ನುವುದಿಲ್ಲ, ಕಾಗದ ಒಂದೇ ಸಾಕು ಅಂತಲೂ ಅನ್ನುವುದಿಲ್ಲ. ಎರಡೂ ಇದ್ದವಳಿಗೆ ಪಾಲು ತೆಗೆದು ಇಟ್ಟಿದೆ. ಆ ಅಕ್ಕನ ಹತ್ತಿರ 5 ವರ್ಷ ಅಲ್ಲ, 17 ವರ್ಷದ ಸೇವೆ ಇತ್ತು. ಇಲ್ಲದ್ದು ಅಂಕಪಟ್ಟಿ ಮಾತ್ರ.

ಎರಡನೆಯದು, ಕೈ ಮೊದಲು, ಕಾಗದ ಆಮೇಲೆ ಅನ್ನುವ ಬಾಗಿಲು. ಸ್ವಂತ ಕಸುಬು ಇದರಲ್ಲಿ ಬರುತ್ತದೆ. ನಮ್ಮ ಜೋಳದ ರೊಟ್ಟಿ ಬಡಿಯಲು ಯಾವ ಪದವಿಯೂ ಬೇಡ. ಆದರೆ ಅದನ್ನೇ ಪಾಕೀಟು ಮಾಡಿ ಪಟ್ಟಣದ ಅಂಗಡಿಗೆ ಕೊಡಲು ಹೋದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ ಸಂಖ್ಯೆ ಎಲ್ಲಿ ಅನ್ನುತ್ತಾರೆ. ರೊಟ್ಟಿ ರುಚಿ ಇದ್ದರೂ ಸಂಖ್ಯೆ ಇಲ್ಲದಿದ್ದರೆ ಹೊರಗೆ ನಿಲ್ಲಬೇಕು. ಹಾಗೆಯೇ 2023ರ ಸೆಪ್ಟೆಂಬರಿನಲ್ಲಿ ಪಿ.ಎಂ. ವಿಶ್ವಕರ್ಮ ಯೋಜನೆ ಶುರುವಾಯಿತು. ಹೊಲಿಗೆ, ಬುಟ್ಟಿ ಹೆಣೆಯುವುದು, ಗೌಂಡಿ ಕೆಲಸ ಸೇರಿ 18 ಕಸುಬು ಅದರಲ್ಲಿವೆ. ಕಸುಬು ಗೊತ್ತಿದ್ದವರಿಗೆ ಪ್ರಮಾಣಪತ್ರ, ಗುರುತಿನ ಚೀಟಿ, ದಿನಕ್ಕೆ 500 ರೂ. ಭತ್ಯೆ ಕೊಟ್ಟು ತರಬೇತಿ, ಸಲಕರಣೆಗೆ 15,000 ರೂ. ತನಕ ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ ರೂ. ತನಕ ಸಾಲ, ಇಷ್ಟು ಅದರಲ್ಲಿ ಸೇರಿದೆ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಇಲ್ಲಿ ಸಾಲಿಯ ಅಂಕ ಮುಖ್ಯ ಅಲ್ಲ, ಕೈಯ ಕೆಲಸ ಮುಖ್ಯ. ನೋಂದಣಿ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ಗಾಡಿ ಓಡಿಸುವುದೂ ಹೀಗೆಯೇ. ಮೊದಲು ಬಾಡಿಗೆ ಮತ್ತು ಸಾಗಣೆ ವಾಹನ ಓಡಿಸಲು 8ನೆಯ ತರಗತಿ ಪಾಸಾಗಿರಬೇಕಿತ್ತು. 2019ರಲ್ಲಿ ಆ ಷರತ್ತು ತೆಗೆದರು. ಈಗ ಗಾಡಿ ಓಡಿಸುವ ಪರೀಕ್ಷೆ ಪಾಸಾಗಿ ಲೈಸನ್ಸ್ ತೆಗೆಸಿದರೆ ಸಾಕು. ನಮ್ಮ ರಾಜ್ಯದಲ್ಲಿ ಪಂಚಾಯಿತಿಯ ಕಸ ಒಯ್ಯುವ ಸ್ವಚ್ಛ ವಾಹಿನಿ ಗಾಡಿಗಳನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಿರುವುದನ್ನು ನೀವು ನೋಡಿರಬಹುದು.

ಮೂರನೆಯದು, ಜನರ ನಂಬಿಕೆಯಿಂದ ತೆಗೆಯುವ ಬಾಗಿಲು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆ ಆಗಲು, ಅಧ್ಯಕ್ಷೆ ಆಗಲು ಇಷ್ಟೇ ಓದಿರಬೇಕು ಎಂಬ ನಿಯಮ ಇಲ್ಲ. ಸಂಘದ ಪ್ರತಿನಿಧಿ ಆಗಲೂ ಜನ ನಂಬಿಕೆ ನೋಡುತ್ತಾರೆ. ಆದರೆ ಒಳಗೆ ಹೋದ ಮೇಲೆ ಠರಾವು ಓದದೆ ಹೆಬ್ಬೆಟ್ಟು ಒತ್ತಿದರೆ ಅಧಿಕಾರ ಇನ್ನೊಬ್ಬರ ಕೈಗೆ ಹೋಗುತ್ತದೆ. ಇಲ್ಲಿ ಕಾಗದ ಬೇಡ, ಅಕ್ಷರ ಬೇಕು.

4. ಹಾಗಾದರೆ ಯಾವುದು ದೊಡ್ಡದು?

ಕಾಗದ ಬಾಗಿಲು ತೆಗೆಯುತ್ತದೆ. ಒಳಗೆ ಉಳಿಸುವುದು ದುಡಿಮೆ. ಪಿಯುಸಿ ಪಾಸಾಗಿ ಬಂದವಳು ಮಕ್ಕಳ ಅಳು ನಿಲ್ಲಿಸಲು ಬರದೆ ಒದ್ದಾಡುವುದನ್ನೂ ನಾವು ನೋಡಿದ್ದೇವೆ. ಹದಿನೇಳು ವರ್ಷ ದುಡಿದವಳು ಬಾಗಿಲಾಚೆ ನಿಂತದ್ದನ್ನೂ ನೋಡಿದ್ದೇವೆ. ಆದ್ದರಿಂದ ನಮ್ಮ ಉತ್ತರ ಇದು: ದುಡಿಯುವವಳು ತನ್ನ ದುಡಿಮೆಗೆ ಕಾಗದ ಮಾಡಿಸಿಕೊಳ್ಳಬೇಕು. ಕಾಗದ ಇದ್ದವಳು ದುಡಿದವಳ ಹತ್ತಿರ ಕೆಲಸ ಕಲಿಯಬೇಕು. ಮತ್ತು ಕಾಗದ ಇಲ್ಲದವಳನ್ನು ಯಾರೂ ಕಡಿಮೆ ಎಂದು ನೋಡಬಾರದು. ಕಾಗದ ಹುದ್ದೆಗೆ ಅಳತೆ, ಮನುಷ್ಯಳಿಗೆ ಅಳತೆ ಅಲ್ಲ.

ಇನ್ನೊಂದು ಎಚ್ಚರಿಕೆ. ದುಡ್ಡು ಕೊಟ್ಟರೆ ಪರೀಕ್ಷೆ ಇಲ್ಲದೆ ಅಂಕಪಟ್ಟಿ ತಂದುಕೊಡುತ್ತೇವೆ ಎನ್ನುವ ಏಜೆಂಟರು ಬರುತ್ತಾರೆ. ಅವರ ಮಾತು ಕೇಳಬೇಡಿ. ಸುಳ್ಳು ಅಂಕಪಟ್ಟಿ ಕೊಟ್ಟರೆ ಕೆಲಸವೂ ಹೋಗುತ್ತದೆ, ಕೇಸೂ ಆಗುತ್ತದೆ. ಆಗ ವರ್ಷಗಟ್ಟಲೆ ದುಡಿದ ಹೆಸರೂ ಮಣ್ಣು ಪಾಲು.

5. ಈಗ ಏನು ಮಾಡಬೇಕು?

ಒಂದು: ಓದಿದ ಹಳೆ ಸಾಲಿಗೆ ಹೋಗಿ ವರ್ಗಾವಣೆ ಪತ್ರ ತೆಗೆದುಕೊಳ್ಳಿ. ಅದರಲ್ಲಿ ಹೆಸರು, ಹುಟ್ಟಿದ ದಿನ ಆಧಾರ್ ಜೊತೆ ಸರಿ ಇವೆಯೇ ನೋಡಿ. ತವರಿನ ಹೆಸರು ಒಂದು, ಗಂಡನ ಮನೆಯ ಹೆಸರು ಒಂದು ಆಗಿ ಅರ್ಜಿ ತಿರಸ್ಕಾರ ಆದ ಉದಾಹರಣೆ ನಮ್ಮ ಸಂಘಗಳಲ್ಲೇ ಇವೆ.

ಎರಡು: ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಪರೀಕ್ಷೆ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಹತ್ತಿರದ ಸರ್ಕಾರಿ ಪ್ರೌಢಶಾಲೆಯ ಮುಖ್ಯ ಗುರುಗಳನ್ನು ಕೇಳಿದರೆ ನೋಂದಣಿಯ ದಿನ, ಬೇಕಾದ ಕಾಗದ ಹೇಳುತ್ತಾರೆ. ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇರುವುದರಿಂದ ಒಂದು ವಿಷಯ ಉಳಿದರೆ ಎದೆಗುಂದಬೇಡಿ.

ಮೂರು: ಬಡ್ತಿಗೆ ವಯಸ್ಸಿನ ಮಿತಿಯೂ ಇರುತ್ತದೆ. ಓದಲು ಕೂಡುವ ಮೊದಲು ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ನಿಮ್ಮ ವಯಸ್ಸಿಗೆ ಅವಕಾಶ ಇದೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ.

ನಾಲ್ಕು: ಮಕ್ಕಳಿಗೆ 371(ಜೆ) ಅರ್ಹತಾ ಪತ್ರ ಮಾಡಿಸಿ. 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 98ನೆಯ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ಈ ಹಕ್ಕು ಬಂತು. ನಮ್ಮ ಭಾಗದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಸಿ ಗುಂಪಿನಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85 ಇಲ್ಲಿಯವರಿಗೆ ಮೀಸಲು. ಕಾಲೇಜು ಸೀಟಿನಲ್ಲೂ ಪಾಲು ಇದೆ. ಪತ್ರ ಕೊಡುವವರು ಉಪವಿಭಾಗಾಧಿಕಾರಿ. ಅರ್ಜಿ ಕರೆದ ಮೇಲೆ ಓಡಾಡಬೇಡಿ, ಮೊದಲೇ ಮಾಡಿಸಿ ಇಡಿ.

ಐದು: ಹೆಣ್ಣುಮಕ್ಕಳ ಸಾಲಿ ಬಿಡಿಸಬೇಡಿ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ನಮ್ಮ ಆಳಂದ ತಾಲೂಕಿನ ಕಡಗಂಚಿಯಲ್ಲೇ ಇದೆ. ಸುತ್ತಲಿನ ಹೊಲದಲ್ಲಿ ತೊಗರಿ ಕೊಯ್ಯುವವರ ಮಗಳು ಆ ಗೇಟಿನ ಒಳಗೆ ಓದಲು ಹೋಗಬೇಕೋ, ಹೊರಗೇ ನಿಲ್ಲಬೇಕೋ ಅನ್ನೋದು ಆಕೆ ಏಳನೆಯದು ಮುಗಿಸಿದ ವರ್ಷ ನಮ್ಮ ಮನೆಯಲ್ಲಿ ತೀರ್ಮಾನ ಆಗುತ್ತದೆ.

6. ಆ ಸಂಘದಲ್ಲಿ ಮುಂದೆ ಏನಾಯಿತು?

ಎರಡು ತಿಂಗಳು ಆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂಡಲಿಲ್ಲ. ಆಮೇಲೆ ಸಂಘದ ಹಿರಿಯಳೊಬ್ಬಳು ಹೇಳಿದಳು: "ಮದುವಿಗಿ ಸಾಲ ಕೊಡ್ತೀವಿ, ಬಾವಿಗಿ ಸಾಲ ಕೊಡ್ತೀವಿ. ಈಕಿ ಪರೀಕ್ಷಾಕ್ಕ ಯಾಕ ಕೊಡಬಾರದು?" ಸಂಘ ಒಪ್ಪಿತು. ಫೀಸಿಗೆ, ಪುಸ್ತಕಕ್ಕೆ ಬಡ್ಡಿ ಇಲ್ಲದೆ ಸಾಲ ಕೊಟ್ಟರು. ಆ ಅಕ್ಕ ಹತ್ತನೆಯದು ಕಟ್ಟಿದಳು. ಕನ್ನಡ, ಸಮಾಜ ಪಾಸಾಗಿವೆ. ಗಣಿತ, ಇಂಗ್ಲಿಷ್, ವಿಜ್ಞಾನ, ಹಿಂದಿ ಉಳಿದಿವೆ. ಸಂಜೆ ಗಣಿತ ಹೇಳಿಕೊಡುವವಳು ಯಾರು ಗೊತ್ತೇ? ಅದೇ ಸೊಸೆ. "ನನಗ ಕೂಸುಗಳನ್ನ ಸಂಭಾಳ್ಸೋದು ಈ ಅಕ್ಕನೇ ಕಲಿಸ್ಯಾಳ್ರಿ, ಅದಕ್ಕ" ಅನ್ನುತ್ತಾಳೆ.

ಅಕ್ಕನಿಗೆ ಹುದ್ದೆ ಸಿಗುತ್ತದೆಯೋ ಇಲ್ಲವೋ, ನಾವು ಮಾತು ಕೊಡಲಾರೆವು. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ ಇದೆ, ವಯಸ್ಸು ಓಡುತ್ತಿದೆ. ನಾವು ಅದನ್ನೇ ಹೇಳಿದೆವು. ಆಕೆ ನಕ್ಕು, "ಆಗ್ಲಿಲ್ಲಂದ್ರೂ ಚಿಂತಿ ಇಲ್ರಿ ಸಿಸ್ಟರ್. ನನ್ನ ಮಗಳು ಒಂಬತ್ತನೇದು ಓದ್ಲಿಕತ್ಯಾಳ. ಇಬ್ಬರೂ ಒಂದೇ ದೀಪದ ಬುಡಕ ಕೂತು ಓದ್ತೀವಿ" ಅಂದಳು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಕೆಲಸ ಗೊತ್ತಿದ್ದೂ ಕಾಗದ ಇಲ್ಲದವರು ಯಾರು ಯಾರು? ಅವರಿಗೆ ಬೇಕಾದ ಕಾಗದ ಯಾವುದು?
2. ನಾವು ಸಾಲಿ ಬಿಟ್ಟದ್ದು ಯಾವ ತರಗತಿಯಲ್ಲಿ, ಯಾಕೆ? ನಮ್ಮ ಮಕ್ಕಳಿಗೆ ಅದೇ ಕಾರಣ ಈಗಲೂ ಇದೆಯೇ?
3. ಓದಿನ ಖರ್ಚಿಗೆ ಸಂಘದಿಂದ ಸಾಲ ಕೊಡಲು ನಿರ್ಣಯ ಮಾಡಬಹುದೇ? ಎಷ್ಟು, ಯಾವ ಕಂತಿನಲ್ಲಿ?
4. ಎಷ್ಟು ಮನೆಗಳಲ್ಲಿ ಮಕ್ಕಳ 371(ಜೆ) ಪತ್ರ ತಯಾರಿದೆ? ಕೈ ಎತ್ತಿ ಎಣಿಸಿ, ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಕಾಗದಗಳ ಚೀಲ ತೆಗೆದುಕೊಂಡು ಬನ್ನಿ. ಕೂಡಿ ಕೂತು ನೋಡೋಣ.