ಮೇಲೆ ನಿಲ್ಲುವವನು

ತಮ್ಮಾ, ನಿನಗೂ ನಿನ್ನ ಗೆಳೆಯರಿಗೂ ಹಳೆಯ ಗಣಿಗಳನ್ನು ನೋಡುವ ಹುಚ್ಚು ಹಿಡಿದಿದೆ ಎಂದು ನಿನ್ನ ಅವ್ವ ಹೇಳಿದಳು. ಅವಳ ದನಿಯಲ್ಲಿ ಅಂಜಿಕೆ ಇತ್ತು, ನನಗೆ ಮಾತ್ರ ಖುಷಿಯಾಯಿತು. ನಮ್ಮ ಜತ್ತ ತಾಲೂಕಿನದು ಕರಿಗಲ್ಲಿನ ನೆಲ. ಇಲ್ಲಿ ಇರುವುದು ಆಳದ ಬಾವಿ, ಕಲ್ಲಿನ ಖಣಿ, ಅಷ್ಟೇ. ಅಂಥ ಊರಿನ ಹುಡುಗರು ಚಿನ್ನ ಅಗೆದವರ ಹಾದಿ ಹುಡುಕಿಕೊಂಡು ಹೊರಟಿದ್ದೀರಿ ಎಂದರೆ ಯಾಕೆ ಬೇಡ ಎನ್ನಲಿ? ಆದರೆ ಹೊರಡುವ ಮುಂಚೆ ನನ್ನ ನಾಲ್ಕು ಮಾತು ಕೇಳು.

ಮೊದಲು ಕಪ್ಪತಗುಡ್ಡಕ್ಕೆ ಹೋಗುತ್ತೀರಂತೆ, ಒಳ್ಳೆಯದು. ಗದಗ ಜಿಲ್ಲೆಯ ಆ ಸಾಲಿನಲ್ಲಿ ನೂರು ವರ್ಷಗಳಿಗೂ ಹಿಂದೆ ಬ್ರಿಟಿಷ್ ಕಂಪನಿಗಳು ಚಿನ್ನಕ್ಕಾಗಿ ಅಗೆದವು. ಹೊಸೂರು, ಕಬಲಾಯತಕಟ್ಟಿ, ಅತ್ತಿಕಟ್ಟಿಯ ಜೊತೆಗೆ ಅಲ್ಲಿ ‘ಸಾಂಗ್ಲಿ ಗಣಿ’ ಅಂತಲೇ ಒಂದಿದೆ. ಆ ಗುಡ್ಡದ ಬದಿಯ ಶಿರಹಟ್ಟಿ ಸೀಮೆ ಆಗ ಸಾಂಗ್ಲಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು. ನಮ್ಮ ಜತ್ತ ಡಫಳೆಯವರ ಕೈಯಲ್ಲಿದ್ದ ಬೇರೆ ಸಂಸ್ಥಾನ. ಈಗ ನಾವೂ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯವರು, ಶಿರಹಟ್ಟಿಯವರು ಕರ್ನಾಟಕದವರು. ಈ ಸಂಗತಿ ತಿಳಿದಿರಲಿ, ಆ ಊರಿನ ಹಿರಿಯರೊಡನೆ ಮಾತು ತೆಗೆಯಲು ಬರುತ್ತದೆ.

ಮಾತು ತೆಗೆಯಲೇಬೇಕು, ಯಾಕೆ ಹೇಳುತ್ತೇನೆ ಕೇಳು. ಎಂಎಚ್ 10 ನಂಬರಿನ ನಾಲ್ಕು ಬೈಕು ಗುಡ್ಡದ ಬುಡದಲ್ಲಿ ಬಂದು ನಿಲ್ಲುತ್ತವೆ, ಇಳಿದವರ ಕೈಯಲ್ಲಿ ಹಗ್ಗ, ಬ್ಯಾಟರಿ, ಸಲಿಕೆ. ಕುರಿ ಕಾಯುವವನು ನಿಮ್ಮನ್ನು ಏನೆಂದು ತಿಳಿಯಬೇಕು? ನಿಧಿ ಅಗೆಯುವವರು ಅಂದುಕೊಳ್ಳುತ್ತಾನೆ, ಇಲ್ಲವೇ ಕಂಪನಿಯ ಸರ್ವೇ ಜನ ಅಂದುಕೊಳ್ಳುತ್ತಾನೆ. ನಿಧಿಯ ಆಸೆಗೆ ಗುಡಿ, ಕಲ್ಲು ಕಿತ್ತವರನ್ನು ಆ ಕಡೆಯ ಊರುಗಳು ಕಂಡಿವೆ. ಗುಡ್ಡದಲ್ಲಿ ಮತ್ತೆ ಗಣಿಗಾರಿಕೆ ಬೇಡವೆಂದು ಜನ ಬೀದಿಗಿಳಿದು ಹೋರಾಡಿದ್ದಾರೆ, 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಅಂಥಲ್ಲಿ ಅಪರಿಚಿತರು ಚಿನ್ನದ ಮಾತು ಆಡಿದರೆ ಮೈಯೆಲ್ಲ ಕಣ್ಣಾಗುವುದು ಸಹಜ. ಅವರದು ತಪ್ಪಲ್ಲ.

ಆದ್ದರಿಂದ ಅರಣ್ಯ ಇಲಾಖೆಯ ಅನುಮತಿಯನ್ನು ಬರಹದಲ್ಲೇ ತೆಗೆದುಕೊ. ಊರಿಗೆ ಹಗಲು ಹೊತ್ತು ಹೋಗು. ನೇರವಾಗಿ ಗುಡ್ಡ ಹತ್ತಬೇಡ, ಕಟ್ಟೆಯ ಮೇಲೆ ಕುಳಿತವರಿಗೆ ಕೈಮುಗಿದು ನಿನ್ನ ಊರು, ಅಡ್ಡಹೆಸರು, ಬಂದ ಕಾರಣ ಹೇಳು. ಚಹಾ ಕೊಟ್ಟರೆ ಕುಡಿ, ಅವಸರ ಮಾಡಬೇಡ. ಸಲಿಕೆ ಮನೆಯಲ್ಲೇ ಇರಲಿ, ನೋಡಲು ಹೋದವನಿಗೆ ಅದರ ಕೆಲಸವೇ ಇಲ್ಲ. ಸಾಧ್ಯವಾದರೆ ಆ ಊರಿನವನೊಬ್ಬನನ್ನು ಜೊತೆಗೆ ಕರೆದುಕೊ, ಅವನ ಒಂದು ದಿನದ ಕೂಲಿಗೆ ಕಡಿಮೆಯಾಗದಂತೆ ಕೈಗೆ ಕೊಡು. ಯಾವ ಗುಂಡಿಗೆ ಯಾರ ಎಮ್ಮೆ ಬಿತ್ತು, ಯಾವ ಬಾಯಿ ಮಳೆಗೆ ಕುಸಿಯಿತು ಎನ್ನುವುದು ನಕ್ಷೆಯಲ್ಲಿ ಇರುವುದಿಲ್ಲ, ಅವನ ತಲೆಯಲ್ಲಿ ಇರುತ್ತದೆ.

ಕೋಲಾರದ ಚಿನ್ನದ ಗಣಿ, ಅಂದರೆ ಕೆಜಿಎಫ್‌ನದು ಬೇರೆಯೇ ಕಥೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 1965ರಲ್ಲಿ ವಿಜ್ಞಾನಿಗಳು ಅದರ ಆಳದಲ್ಲೇ ವಾತಾವರಣದ ನ್ಯೂಟ್ರಿನೊಗಳ ಸುಳಿವು ಹಿಡಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಪಂಪು ನಿಂತವು, ಆಳದ ಹಾದಿಗಳಲ್ಲಿ ನೀರು ತುಂಬಿತು. ಕೆಳಗೆ ಇಳಿದು ನೋಡುವಂಥದ್ದು ಏನೂ ಉಳಿದಿಲ್ಲ. ಅಲ್ಲಿ ಕಾಣಬೇಕಾದವರು ಸಾಲುಮನೆಗಳ ಮುಂದೆ ಕುಳಿತ ಹಿರಿಯರು. ಹೆಚ್ಚಿನವರ ಮನೆಮಾತು ತಮಿಳು, ತೆಲುಗು, ಆದರೆ ಕನ್ನಡ ನಡೆಯುತ್ತದೆ. ಕೆಜಿಎಫ್ ಸಿನಿಮಾದ ಹೆಸರು ಎತ್ತಿ ಮಾತು ಶುರು ಮಾಡಬೇಡ. ಎಷ್ಟು ಚಿನ್ನ ಸಿಕ್ಕಿತು ಎಂದೂ ಕೇಳಬೇಡ, ಆ ಚಿನ್ನ ಅವರ ಮನೆಗೆ ಬಂದದ್ದಲ್ಲ. ಯಾವ ಪಾಳಿಯಲ್ಲಿ ಇಳಿಯುತ್ತಿದ್ದಿರಿ, ಬುತ್ತಿಗೆ ಏನು ಒಯ್ಯುತ್ತಿದ್ದಿರಿ, ಬಂಡೆ ಸಿಡಿಯುವ ಮುಂಚೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳು. ಆ ಆಳದಲ್ಲಿ ಒತ್ತಡಕ್ಕೆ ಬಂಡೆ ತಾನಾಗಿ ಸಿಡಿಯುತ್ತಿತ್ತು, ಮೇಲಿನ ಮನೆಗಳು ನಡುಗುತ್ತಿದ್ದವು. ಅಡಿಗೆಮನೆಯಲ್ಲಿ ಪಾತ್ರೆ ಅಲುಗಿದಾಗ ಕೆಳಗಿದ್ದ ಗಂಡನನ್ನು ನೆನೆದ ಹೆಂಗಸರು ಆ ಊರಲ್ಲಿ ಇನ್ನೂ ಇದ್ದಾರೆ. ಕಲ್ಲಿನ ಧೂಳು ಎದೆಗೆ ಹೊಕ್ಕು ಕೆಮ್ಮುವವರೂ ಇದ್ದಾರೆ. ಅವರ ಎದುರು ಮೊಬೈಲ್ ಎತ್ತುವ ಮುಂಚೆ ಒಪ್ಪಿಗೆ ಕೇಳು. ಬೇಡ ಎಂದರೆ ಕಿಸೆಯಲ್ಲಿಡು, ಕೂತು ಕೇಳು.

ಈಗ ಮುಖ್ಯ ಮಾತು. ನಮ್ಮ ಕಡೆ ಹಳೆಯ ಬಾವಿಯ ಹೂಳು ತೆಗೆಯಲು ಇಳಿಯುವ ಮುಂಚೆ ಹಗ್ಗಕ್ಕೆ ಕಂದೀಲು ಕಟ್ಟಿ ಬಿಡುತ್ತಿದ್ದರು. ದೀಪ ಸಣ್ಣಗಾಗಿ ಪಕ್ ಎಂದು ಆರಿದರೆ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಲ್ಲಿ ಶೇಕಡಾ 21ರಷ್ಟು ಇರಬೇಕಾದ ಆಮ್ಲಜನಕ 16–17ಕ್ಕೆ ಇಳಿದರೆ ದೀಪ ಆರುತ್ತದೆ, 10ಕ್ಕಿಂತ ಕೆಳಗಾದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಗಣಿಯ ಕೆಟ್ಟ ಗಾಳಿಯೂ ಹಾಗೆಯೇ ತಗ್ಗಿನಲ್ಲಿ ಕೂಡಿರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ದೀಪ ಉರಿಯಿತು ಎಂದು ಧೈರ್ಯ ಮಾಡಲೂ ಬೇಡ, ಕೆಲವು ವಿಷಗಾಳಿಗಳು ದೀಪಕ್ಕೆ ತಿಳಿಯುವುದೇ ಇಲ್ಲ. 2020ರ ಮೇ ತಿಂಗಳಲ್ಲಿ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಮುಚ್ಚಿದ ಗಣಿಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು.

ಬಾವಿಯ ಸಾವುಗಳ ಸುದ್ದಿ ಓದುವಾಗ ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಮೊದಲು ಒಬ್ಬ ಬೀಳುತ್ತಾನೆ, ಅವನನ್ನು ಎತ್ತಲು ತಮ್ಮ ಇಳಿಯುತ್ತಾನೆ, ತಮ್ಮನನ್ನು ಎತ್ತಲು ಗೆಳೆಯ ಇಳಿಯುತ್ತಾನೆ. ಗಾಳಿ ಒಬ್ಬನನ್ನು ಕೊಂದರೆ ಪ್ರೀತಿ ಉಳಿದಿಬ್ಬರನ್ನು ಕೆಳಗೆಳೆಯುತ್ತದೆ. ಅದಕ್ಕೇ ಹೇಳುತ್ತೇನೆ, ನಿಮ್ಮ ಗುಂಪಿನಲ್ಲಿ ಎಲ್ಲಕ್ಕಿಂತ ಗಟ್ಟಿ ಮನಸ್ಸಿನವನು ಮೇಲೆ ನಿಲ್ಲಬೇಕು. ಯಾರು ಎಲ್ಲಿ ಹೋದರು, ಎಷ್ಟಕ್ಕೆ ಬರುತ್ತೇವೆಂದರು ಎಂಬ ಚೀಟಿ ಅವನ ಕೈಯಲ್ಲಿರಬೇಕು. ಹೇಳಿದ ಹೊತ್ತು ಮೀರಿದರೆ ಅವನು 112ಕ್ಕೆ ಫೋನು ಮಾಡಬೇಕು, ಊರವರನ್ನು ಕರೆಯಬೇಕು. ಒಳಗಿಂದ ಏನೇ ಕೂಗು ಬಂದರೂ ತಾನು ಇಳಿಯಕೂಡದು. ಅವನನ್ನು ಕಾವಲಿಗೆ ಕೂತವನು ಎಂದು ಕಡೆಗಣಿಸಬೇಡಿ.

ನನ್ನನ್ನು ಕೇಳಿದರೆ, ಬಿಟ್ಟುಹೋದ ಗಣಿಯೊಳಗೆ ನೀವು ಯಾರೂ ಕಾಲಿಡುವುದೇ ಬೇಡ. ಬಿಸಿಲು ಬೀಳುವಲ್ಲೇ ನಿಲ್ಲಿ. ಮೇಲಿನಿಂದಲೇ ಅದಿರಿನ ರಾಶಿ, ಗಿರಣಿಯ ತಳಪಾಯ, ಹಳೆಯ ಕಾಲುವೆ ಕಾಣುತ್ತವೆ. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಶಾಸನ ಕಂಡವನು ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್. ಅವನಿಗೂ ಅದು ಸಿಕ್ಕಿದ್ದು ಬೆಳಕಿನಲ್ಲಿದ್ದ ಬಂಡೆಯ ಮೇಲೆ. ಒಳಗೆ ಇಳಿಯುವ ಆಸೆ ತೀರಲೇಬೇಕೆಂದರೆ ನಮ್ಮದೇ ರಾಜ್ಯದ ನಾಗಪುರ ಜಿಲ್ಲೆಯ ಸಾವನೇರಕ್ಕೆ ಹೋಗಿ. ಅಲ್ಲಿ ಕಲ್ಲಿದ್ದಲು ಗಣಿ ತೋರಿಸುವ ಪ್ರವಾಸದ ಏರ್ಪಾಡು ಮಾಡಿದ್ದಾರೆ. ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ಗುಂಪಿನಲ್ಲಿ ಒಬ್ಬನಿಗೆ ಅಂಜಿಕೆ ಬಂತೆನ್ನು, ಎಲ್ಲರೂ ಹಿಂತಿರುಗಿ. ಅವನನ್ನು ಹಂಗಿಸಿದರೆ ಮುಂದಿನ ಸಲ ಅವನು ಬಾಯಿಬಿಡುವುದಿಲ್ಲ, ಆ ಸಲವೇ ಬಾಯಿಬಿಡಬೇಕಾಗಿರುತ್ತದೆ. ಜಾಗದ ಗುರುತು ಹಾಕಿ ರೀಲ್ ಬಿಡಬೇಡಿ, ನಿಮ್ಮ ಚೀಟಿ, ನಿಮ್ಮ ಕಾವಲು ಒಂದೂ ಇಲ್ಲದ ಹತ್ತನೆಯ ಇಯತ್ತೆಯ ಹುಡುಗರು ಅದನ್ನು ನೋಡಿ ಹೊರಡುತ್ತಾರೆ. ಕಲ್ಲು, ಕಬ್ಬಿಣದ ತುಂಡು ಎತ್ತಿಕೊಂಡು ಬರಬೇಡಿ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ 1959ರಲ್ಲಿ ಶುರುವಾದ ಗಣಿ ಇತಿಹಾಸದ ಸಂಘವೊಂದಿದೆ. ಹವ್ಯಾಸದ ಜನ ಕೂಡಿ ಹಳೆಯ ಸೀಸದ ಗಣಿಗಳ ದಾಖಲೆ ಬರೆದರು, ವಸ್ತುಸಂಗ್ರಹಾಲಯ ಕಟ್ಟಿದರು. ನೀವೂ ಒಂದು ದಪ್ಪ ವಹಿ ಇಡಿ. ಹಿರಿಯರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ತೆಗೆದ ಫೋಟೊ ಪ್ರಿಂಟ್ ಹಾಕಿಸಿ ಎರಡನೆಯ ಸಲ ಹೋದಾಗ ಅವರ ಕೈಗೇ ಕೊಡಿ.

ದೀಪಾವಳಿ ಕಳೆದ ಮೇಲೆ ಹೊರಡಿ. ಈಗ ಗುಡ್ಡದ ತುಂಬ ಎದೆಮಟ್ಟ ಹುಲ್ಲು, ಗುಂಡಿಯ ಬಾಯಿ ಕಾಲಿಗೆ ತಾಗುವ ತನಕ ಕಾಣುವುದಿಲ್ಲ. ಅಷ್ಟರೊಳಗೆ ಅನುಮತಿಯ ಅರ್ಜಿ ಹಾಕು, ಅವ್ವನನ್ನು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳು.