ವಸತಿರಹಿತರ ಒಕ್ಕೂಟದ ಕೆಲಸ

ನಗರದ ವಸತಿರಹಿತರಿಗಾಗಿ ದುಡಿಯುವ ಸ್ಥಳೀಯ ಒಕ್ಕೂಟದಲ್ಲಿ ಸ್ವಯಂಸೇವಾ ಸಂಸ್ಥೆಯವರು, ವಕೀಲರು, ವೈದ್ಯರು, ಕಾರ್ಮಿಕ ಸಂಘದವರು, ಬೀದಿಯಲ್ಲಿ ಬದುಕಿ ಬಂದವರು ಒಟ್ಟಿಗೆ ಕೂರುತ್ತಾರೆ. ಹೊಸದಾಗಿ ಸೇರುವವರು ಕಂಬಳಿ, ಊಟದ ಪೊಟ್ಟಣ ಹಂಚುವ ಹುಮ್ಮಸ್ಸಿನಲ್ಲಿ ಬರುವುದೇ ಹೆಚ್ಚು. ಅವರಿಗೆ ಮೊದಲು ಸಿಗುವುದು ಎಣಿಕೆಯ ಕೆಲಸ.

ಎಣಿಕೆ ನಡೆಯುವುದು ರಾತ್ರಿ. 2011ರ ಜನಗಣತಿಯೂ ಮನೆಯಿಲ್ಲದವರನ್ನು ಫೆಬ್ರುವರಿ 28ರ ರಾತ್ರಿ ಎಣಿಸಿತ್ತು. ದೇಶದಾದ್ಯಂತ ಸಿಕ್ಕವರು ಸುಮಾರು 17.7 ಲಕ್ಷ. ಒಂದೇ ರಾತ್ರಿಯ ಲೆಕ್ಕಕ್ಕೆ ಎಲ್ಲರೂ ಸಿಗುವುದಿಲ್ಲ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯದ ಸುತ್ತ ಅಂಗಡಿ ಶಟರ್ ಎಳೆದ ಮೇಲಷ್ಟೇ ಜಗಲಿ ಹಿಡಿಯುವವರು, ನಸುಕಿಗೆ ಹೂವಿನ ವ್ಯಾಪಾರ ಶುರುವಾಗುವ ಮೊದಲೇ ಎದ್ದು ಹೋಗಿರುತ್ತಾರೆ. ಹೆಂಗಸರಂತೂ ಕಣ್ಣಿಗೇ ಬೀಳುವುದಿಲ್ಲ; ಬಸ್ ನಿಲ್ದಾಣದಲ್ಲಿ ಚೀಲ ತಬ್ಬಿಕೊಂಡು, ಊರಿಗೆ ಹೊರಟ ಪ್ರಯಾಣಿಕರ ಹಾಗೆ ಕೂತೇ ಬೆಳಗು ಮಾಡುತ್ತಾರೆ. ಮಾತಿಗೆ ಕೂತರೆ ತಿಳಿಯುವುದು, ಇವರಲ್ಲಿ ಬಹಳ ಮಂದಿ ದುಡಿಯುವವರು: ಮೂಟೆ ಹೊರುವವರು, ಗಾರೆ ಕೆಲಸದವರು, ಮದುವೆ ಛತ್ರದಲ್ಲಿ ಬಡಿಸುವವರು, ಚಿಂದಿ ಆಯುವವರು. ಇವರನ್ನು ಭಿಕ್ಷುಕರೆಂದು ಬಗೆದರೆ ಮಾತು ಅಲ್ಲಿಗೇ ನಿಲ್ಲುವುದಿಲ್ಲ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಭಿಕ್ಷುಕರನ್ನು ಹಿಡಿದೊಯ್ಯುವ ಅಧಿಕಾರವಿದೆ.

ಮುಂದಿನದು ಆಶ್ರಯ ಕೇಂದ್ರದ ಪ್ರಶ್ನೆ. ಆಹಾರದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಿಂದ ಈ ವಿಷಯವನ್ನು ಕೈಗೆತ್ತಿಕೊಂಡ ಮೇಲೆ, ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ ಹಗಲೂ ರಾತ್ರಿ ತೆರೆದಿರುವ ಕೇಂದ್ರ ಇರಬೇಕೆಂಬ ಅಳತೆಗೋಲು ನೆಲೆಗೊಂಡಿತು. 2013ರ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ತಲಾ 50 ಚದರ ಅಡಿ ಜಾಗವನ್ನು ನಿಗದಿ ಮಾಡಿತು. ನಿಯಮ ಚೆನ್ನಾಗಿಯೇ ಇದೆ. ತಕರಾರು ಬರುವುದು ಜಾಗದ ವಿಷಯದಲ್ಲಿ. ಊರಾಚೆ ಸಿಕ್ಕ ಕಟ್ಟಡದಲ್ಲಿ ಹಾಸಿಗೆ ಹಾಕಿಟ್ಟರೆ, ನಸುಕಿಗೆ ಮೂಟೆ ಇಳಿಸಬೇಕಾದ ಹಮಾಲಿ ಅಲ್ಲಿ ಮಲಗಲು ಹೋಗುವುದಿಲ್ಲ. ಆಮೇಲೆ 'ಕರೆದರೂ ಬರುವುದಿಲ್ಲ' ಎಂದು ಅವನನ್ನೇ ದೂರುವುದು ವಾಡಿಕೆ. ಗಂಡ ಹೆಂಡತಿ ಬೇರೆ ಬೇರೆ ಕೇಂದ್ರಕ್ಕೆ ಹೋಗಬೇಕಾದರೆ ಸಂಸಾರಸ್ಥರೂ ಫುಟ್‌ಪಾತೇ ವಾಸಿ ಅನ್ನುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ.

ತಾಳ್ಮೆ ಕೆಡಿಸುವ ಕೆಲಸವೆಂದರೆ ಕಾಗದಪತ್ರ. ಪಡಿತರ ಚೀಟಿ, ಪಿಂಚಣಿ, ಬ್ಯಾಂಕ್ ಖಾತೆ ಎಲ್ಲಕ್ಕೂ ವಿಳಾಸ ಬೇಕು. ಇರುವ ಒಂದೆರಡು ದಾಖಲೆ ಪ್ಲಾಸ್ಟಿಕ್ ಕವರಿನಲ್ಲಿ ತಲೆದಿಂಬಿನಡಿ ಇರುತ್ತದೆ. ಮಳೆಗೆ ನೆನೆಯುತ್ತದೆ, ಇಲ್ಲವೇ ಬೆಳಗಿನ ಕಸದ ಗಾಡಿಗೆ ಹೋಗುತ್ತದೆ. ಒಬ್ಬರ ಅರ್ಜಿಯ ಹಿಂದೆ ತಿಂಗಳುಗಟ್ಟಲೆ ಅಲೆಯುವವರು ಒಕ್ಕೂಟದಲ್ಲಿ ಕಡಿಮೆ, ಕಂಬಳಿ ಹಂಚುವಾಗ ಫೋಟೊಗೆ ನಿಲ್ಲುವವರು ಧಾರಾಳ.

ಸೇರಬೇಕೆನ್ನುವವರು ವಾರದಲ್ಲಿ ಒಂದು ರಾತ್ರಿಯನ್ನೂ, ಸರ್ಕಾರಿ ಕಚೇರಿ ತೆರೆದಿರುವ ಒಂದು ಹಗಲನ್ನೂ ಬಿಡುವು ಮಾಡಿಕೊಂಡು ಬರಲಿ.