ಮನೆಯವರು ಮುಚ್ಚಿಡುವ ಬಿಳಿ ಮಚ್ಚೆ

ಎಮ್ಮೆಯ ಕೆಚ್ಚಲಿನಲ್ಲಿ ಸಣ್ಣ ಗಾಯ ಕಂಡರೂ ನೀವು ಅಂದೇ ಪಶುವೈದ್ಯರಿಗೆ ಫೋನ್ ಮಾಡುತ್ತೀರಿ. ಮನೆಯ ಗಂಡಸರು ಹಾಗಲ್ಲ. ಶಿಶ್ನದ ಮೇಲೆ ತುರಿಕೆ, ಬಿಳಿ ಮಚ್ಚೆ, ಬಿರುಕು ಕಂಡರೆ ವರ್ಷಗಟ್ಟಲೆ ಯಾರಿಗೂ ಹೇಳದೆ, ಔಷಧಿ ಅಂಗಡಿಯ ತುರಿಕೆ ಮುಲಾಮು ಹಚ್ಚಿಕೊಂಡು ಸುಮ್ಮನಿರುತ್ತಾರೆ. ಅವರು ಈ ಪುಟ ಓದಲಿಕ್ಕಿಲ್ಲ. ನಾಚಿಕೆಯ ವಿಷಯವಾದರೂ ಅದಕ್ಕೇ ನಿಮಗೆ ಹೇಳುತ್ತಿದ್ದೇವೆ.

ಇಂಥ ಮಚ್ಚೆಗಳಲ್ಲಿ ಒಂದು ಬಗೆಗೆ ವೈದ್ಯರು ಲೈಕೆನ್ ಸ್ಕ್ಲೆರೋಸಸ್ ಎನ್ನುತ್ತಾರೆ. ಚರ್ಮ ಬೆಳ್ಳಗಾಗಿ ಬಿರುಸಾಗುತ್ತದೆ, ಮುಂದೊಗಲು ಬಿಗಿದು ಹಿಂದಕ್ಕೆ ಸರಿಯುವುದಿಲ್ಲ, ಮೂತ್ರದ ಧಾರೆ ಸಣ್ಣದಾಗಬಹುದು. ತೊನ್ನೆಂದು ಹೆದರುವವರಿದ್ದಾರೆ, ತೊನ್ನಿನಲ್ಲಿ ಬಣ್ಣ ಹೋಗುತ್ತದೆಯೇ ಹೊರತು ಚರ್ಮ ಬಿಗಿಯುವುದಿಲ್ಲ. ಇದು ಅಂಟುರೋಗವಲ್ಲ, ಯಾರ ಸಹವಾಸದಿಂದಲೂ ಬಂದದ್ದಲ್ಲ. ಇದನ್ನು ಒತ್ತಿ ಹೇಳುತ್ತೇವೆ, ಏಕೆಂದರೆ ಈ ಅನುಮಾನದಿಂದಲೇ ಮನೆಯಲ್ಲಿ ಜಗಳವಾಗುತ್ತದೆ.

ಉರಿಯೂತ ಬಹುಕಾಲ ಉಳಿದರೆ ಕೆಲವರಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಎಲ್ಲರಿಗೂ ಅಲ್ಲ, ಸ್ವಲ್ಪ ಜನರಿಗೆ ಮಾತ್ರ. ಮುಂದೊಗಲು ಬಿಗಿದು ಒಳಗೆ ತೊಳೆಯಲಾಗದಿದ್ದರೆ, ಬೀಡಿ, ತಂಬಾಕಿನ ಚಟವಿದ್ದರೆ ಅಪಾಯ ಹೆಚ್ಚು. ಎಚ್‌ಪಿವಿ ಎಂಬ ವೈರಸ್ ಕೂಡ ಕಾರಣವಾಗುತ್ತದೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣವಾಗುವುದೂ ಅದೇ ವೈರಸ್, ಆದ್ದರಿಂದ 30 ದಾಟಿದ ನೀವೂ ತಪಾಸಣೆ ಮಾಡಿಸಿಕೊಳ್ಳಿ. ಬಿಳಿ ಮಚ್ಚೆಯ ಕಾಯಿಲೆ ಹೆಂಗಸರಿಗೂ ಬರುತ್ತದೆ. ಗುಪ್ತಾಂಗದ ತುರಿಕೆ ತಿಂಗಳುಗಟ್ಟಲೆ ಹೋಗದಿದ್ದರೆ ನೀವೂ ಮುಚ್ಚಿಡಬೇಡಿ.

ಕ್ಯಾನ್ಸರ್ ಮೊದಮೊದಲು ನೋಯುವುದಿಲ್ಲ, ಮೋಸವಾಗುವುದು ಅಲ್ಲಿಯೇ. ಮೂರು ವಾರಕ್ಕೂ ಮಾಯದ ಹುಣ್ಣು, ಗಂಟು, ಮುಟ್ಟಿದರೆ ರಕ್ತ, ಒಳಗಿನಿಂದ ದುರ್ವಾಸನೆಯ ಕೀವು, ತೊಡೆಸಂದಿಯಲ್ಲಿ ಗಡ್ಡೆ ಇದ್ದರೆ ತಡಮಾಡಬೇಡಿ. ಒಳಉಡುಪು ಒಗೆಯುವಾಗ ಕಲೆ ಮೊದಲು ಕಾಣುವುದು ನಿಮಗೇ.

ಬೇಗ ತೋರಿಸಿದರೆ ಮಚ್ಚೆಗೆ ವೈದ್ಯರು ಬರೆದುಕೊಡುವ ಸ್ಟಿರಾಯ್ಡ್ ಮುಲಾಮು ಸಾಕಾಗಬಹುದು. ಅದಕ್ಕೂ ಬಗ್ಗದಿದ್ದರೆ ಮುಂದೊಗಲು ತೆಗೆಯುವ ಸಣ್ಣ ಶಸ್ತ್ರಕ್ರಿಯೆ. ಸಂಶಯವಿದ್ದರೆ ಚರ್ಮದ ಚೂರು ತೆಗೆದು ಪರೀಕ್ಷಿಸುತ್ತಾರೆ. ಸಕ್ಕರೆ ಕಾಯಿಲೆಯಿಂದಲೂ ಮುಂದೊಗಲು ಬಿರಿಯುತ್ತದೆ, ರಕ್ತ ಪರೀಕ್ಷೆ ಮಾಡಿಸಿ. ದಿನವೂ ಬರೀ ನೀರಿನಿಂದ ತೊಳೆದರೆ ಸಾಕು. ಡೆಟಾಲ್ ಬೇಡ, ಬಿಗಿದ ತೊಗಲನ್ನು ಎಳೆಯುವುದೂ ಬೇಡ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರು ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ. ಚರ್ಮರೋಗ ತಜ್ಞರು ವಿಜಯಪುರದಲ್ಲಿ ಸಿಗುತ್ತಾರೆ. ಕ್ಯಾನ್ಸರ್ ಎಂದಾದರೆ ಹುಬ್ಬಳ್ಳಿಯ ನವನಗರದ ಆಸ್ಪತ್ರೆ ಇದೆ, ಕಲಬುರಗಿಯಲ್ಲಿ ಕಿದ್ವಾಯಿ ಶಾಖೆ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಹೋಗುವಾಗ ರೇಷನ್ ಕಾರ್ಡು, ಆಧಾರ್, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಜೊತೆಗಿರಲಿ. ಅವರು ಒಬ್ಬರೇ ಹೋಗಲು ಹಿಂಜರಿದರೆ, ಬೆಳಗಿನ ಹಾಲು ಹಾಕಿ ನೀವೇ ಜೊತೆಗೆ ಬಸ್ಸು ಹತ್ತಿರಿ.